ಕೋಲಾರದ ಗಣಿಗೆ ಕಾವೇರಿಯ ಶಕ್ತಿ ತಂದ ದಿವಾನರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವೆಲ್ಲ ಕೆರೆಗಳನ್ನೇ ನಂಬಿದ ಸೀಮೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ ದೂರದ ಕಾವೇರಿಯ ಶಕ್ತಿಯನ್ನು ತಂತಿಯ ಮೂಲಕ ತರಿಸುವ ಯೋಜನೆಗೆ ಬೆನ್ನೆಲುಬಾಗಿ ನಿಂತವರು ಮೈಸೂರಿನ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲಕ್ಕಾಡ್ ಸೀಮೆಯಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನರಾಗಿ 18 ವರ್ಷ ಆಡಳಿತ ನಡೆಸಿದರು. ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದದ್ದು, ಮಾರಿಕಣಿವೆ ಅಣೆಕಟ್ಟಿನ ಕಾಮಗಾರಿ ಆರಂಭವಾದದ್ದು ಅವರ ಅವಧಿಯಲ್ಲಿಯೇ.

ಅದೇ ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳು ಆಳಕ್ಕೆ ಇಳಿಯುತ್ತಿದ್ದವು. ನೀರು ಹೊರಹಾಕುವ, ಅದಿರು ಮೇಲೆತ್ತುವ, ಕುಟ್ಟುವ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದು, ಇಂಧನದ ವೆಚ್ಚ ಹೊರೆಯಾಗಿತ್ತು. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ಉತ್ಪಾದಿಸುವ ಯೋಜನೆಯನ್ನು ಎಂಜಿನಿಯರ್ ಜೋಲಿ ದ ಲಾಟ್ಬಿನಿಯೇರ್ ರೂಪಿಸಿದರು. ಗಣಿ ಇದ್ದುದು 92 ಮೈಲು, ಅಂದರೆ ಸುಮಾರು 148 ಕಿ.ಮೀ. ದೂರದಲ್ಲಿ. ಅಷ್ಟು ದೂರ ವಿದ್ಯುತ್ ಸಾಗಿಸಿದ ಉದಾಹರಣೆಗಳು ಆಗ ಜಗತ್ತಿನಲ್ಲಿಯೇ ವಿರಳ. ಮಾರ್ಗ ಕಡಿದರೆ ಗಣಿಯ ಕೆಲಸ ನಿಲ್ಲುವ ಭಯವಿತ್ತು. ಸಂಸ್ಥಾನದ ಬೊಕ್ಕಸದ ಹಣವೂ ಪಣಕ್ಕಿತ್ತು. ಆದರೂ ದಿವಾನರು ಹಿಂಜರಿಯಲಿಲ್ಲ. ಗಣಿ ಕಂಪನಿಗಳೊಡನೆ ಒಪ್ಪಂದವಾಗಿ ಕೆಲಸ ಆರಂಭವಾಯಿತು.

ಫಲವನ್ನು ಕಾಣುವ ಭಾಗ್ಯ ಮಾತ್ರ ಅವರಿಗಿರಲಿಲ್ಲ. 1901ರಲ್ಲಿ ನಿವೃತ್ತರಾದ ಅವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ.

ಅವರ ಯೋಜನೆಗೆ ಒಂದು ಮಿತಿಯಿತ್ತು. ಶಕ್ತಿಯ ಮೂಲ ಒಂದೇ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಗಣಿಗೂ ತೊಂದರೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಕೈಗೊಂಡುದಕ್ಕೆ ಕೃಷಿಯ ಜೊತೆಗೆ ಈ ಸರಬರಾಜನ್ನು ಭದ್ರಪಡಿಸುವುದೂ ಕಾರಣವಾಗಿತ್ತು. ಮುಂದೆ 1940ರಲ್ಲಿ ಶಿಂಷಾ, 1948ರಲ್ಲಿ ಜೋಗದ ವಿದ್ಯುದಾಗಾರಗಳು ಬಂದವು. ಒಂದೇ ಮೂಲವನ್ನು ಅವಲಂಬಿಸಿದ್ದ ಸಂಪರ್ಕ ಕ್ರಮೇಣ ಹಲವು ಮೂಲಗಳ, ಹಲವು ಮಾರ್ಗಗಳ ಜಾಲವಾಯಿತು. ಒಂದು ಕಡೆ ಕೆಟ್ಟರೆ ಮತ್ತೊಂದು ಕಡೆಯಿಂದ ವಿದ್ಯುತ್ ತರಿಸುವುದು ಸಾಧ್ಯವಾಯಿತು.

2001ರಲ್ಲಿ ಗಣಿಗಳು ಮುಚ್ಚಿದವು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನು ನಿತ್ಯ ನೂರಾರು ಮಂದಿ ಹಾದುಹೋಗುತ್ತಾರೆ. ಅವರ ಮನೆಯ ದೀಪಕ್ಕೆ ಹಾದಿ ತೆರೆದ ಮೊದಲ ತಂತಿ ಕೋಲಾರದ ಗಣಿಗಾಗಿ ಎಳೆದದ್ದು ಎಂಬುದು ನೆನಪಿನಲ್ಲಿರಬೇಕು.