ಕಣ್ಣಿನ ಪಾಪೆಯಲ್ಲಿ ಮಿದುಳಿನ ಬೇನೆ ಗುರುತಿಸಿದ ವೈದ್ಯ: ಆರ್ಗೈಲ್ ರಾಬರ್ಟ್‌ಸನ್

ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಮೊದಲು ಮಾಡುವ ಪರೀಕ್ಷೆಗಳಲ್ಲಿ ಒಂದು ಅತ್ಯಂತ ಸರಳವಾದುದು. ರೋಗಿಯ ಕಣ್ಣಿನ ರೆಪ್ಪೆ ಸರಿಸಿ ಪುಟ್ಟ ಟಾರ್ಚಿನ ಬೆಳಕು ಬಿಡುತ್ತಾರೆ. ಪಾಪೆ ಕುಗ್ಗಿತೋ ಇಲ್ಲವೋ ಎಂದು ನೋಡುತ್ತಾರೆ. ಅವರು ನೋಡುತ್ತಿರುವುದು ಕಣ್ಣನ್ನಾದರೂ ತಿಳಿಯಲು ಬಯಸುವುದು ಮಿದುಳಿನ ಸ್ಥಿತಿಯನ್ನು. ಮಿದುಳಿನಿಂದ ಹೊರಟ ನರಗಳು ದೇಹದ ಮೇಲ್ಮೈಯಲ್ಲಿ ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ತಮ್ಮ ಕ್ಷೇಮಸಮಾಚಾರ ಹೇಳುವ ಮತ್ತೊಂದು ತಾಣವಿಲ್ಲ.

ಈ ಅರಿವನ್ನು ವೈದ್ಯಲೋಕಕ್ಕೆ ಗಟ್ಟಿಯಾಗಿ ಕಲಿಸಿಕೊಟ್ಟವರಲ್ಲಿ ಸ್ಕಾಟ್ಲೆಂಡಿನ ನೇತ್ರತಜ್ಞ ಡಗ್ಲಸ್ ಮೋರೆ ಕೂಪರ್ ಲ್ಯಾಂಬ್ ಆರ್ಗೈಲ್ ರಾಬರ್ಟ್‌ಸನ್ ಪ್ರಮುಖರು. ವೈದ್ಯ ವಿದ್ಯಾರ್ಥಿಗಳೆಲ್ಲರೂ ಅವರ ಹೆಸರನ್ನು ಒಂದು ರೋಗಲಕ್ಷಣದ ಹೆಸರಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯ ಯಾರು, ಆತನ ಚಿತೆ ಉರಿದದ್ದು ಭಾರತದ ಒಂದು ನದಿಯ ದಡದಲ್ಲಿ ಎಂಬುದನ್ನು ಬಲ್ಲವರು ವಿರಳ.

ತಂದೆಯ ಹಾದಿಯಲ್ಲಿ

ರಾಬರ್ಟ್‌ಸನ್ ಜನಿಸಿದ್ದು 1837ರಲ್ಲಿ, ಎಡಿನ್‌ಬರೋ ನಗರದಲ್ಲಿ. ತಂದೆ ಜಾನ್ ಆರ್ಗೈಲ್ ರಾಬರ್ಟ್‌ಸನ್ ಹೆಸರಾಂತ ಶಸ್ತ್ರವೈದ್ಯರು. ಕಣ್ಣಿನ ಚಿಕಿತ್ಸೆಯಲ್ಲಿ ವಿಶೇಷ ಆಸಕ್ತಿ ಹೊಂದಿದ್ದ ಅವರು 1822ರಲ್ಲಿ ಅದೇ ನಗರದಲ್ಲಿ ನೇತ್ರ ಚಿಕಿತ್ಸಾಲಯವೊಂದರ ಸ್ಥಾಪನೆಗೆ ಕಾರಣರಾಗಿದ್ದರು. ಮಗನೂ ತಂದೆಯ ಹಾದಿಯನ್ನೇ ಹಿಡಿದರು. 1857ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿಯೇ, ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಿಂದ ಎಂ.ಡಿ. ಪದವಿ ಪಡೆದರು.

ಅದು ನೇತ್ರವಿಜ್ಞಾನದ ಪರ್ವಕಾಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನ ಒಳಗನ್ನು ನೋಡಬಲ್ಲ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದ್ದರು. ಆ ಉಪಕರಣವನ್ನು ಬಳಸಿ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಕಣ್ಣಿನ ರೋಗಗಳಿಗೂ ಮಿದುಳಿನ ಗೆಡ್ಡೆಗಳಿಗೂ ಇರುವ ನಂಟನ್ನು ಬಿಡಿಸುತ್ತಿದ್ದರು. ಯುವಕ ರಾಬರ್ಟ್‌ಸನ್ ಬರ್ಲಿನ್ನಿಗೆ ತೆರಳಿ ಗ್ರೇಫೆಯವರ ಬಳಿ ಕಲಿತರು. ಕಣ್ಣನ್ನು ಬಿಡಿ ಅಂಗವಾಗಿ ನೋಡದೆ ಇಡೀ ನರಮಂಡಲದ ಭಾಗವಾಗಿ ನೋಡುವ ದೃಷ್ಟಿ ಆ ಕಾಲದ ಬರ್ಲಿನ್ನಿನ ಕೊಡುಗೆ.

ಊರಿಗೆ ಮರಳಿದ ಮೇಲೆ ರಾಬರ್ಟ್‌ಸನ್ ಎಡಿನ್‌ಬರೋದಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಯೋಗಿಕ ತರಗತಿಗಳನ್ನು ನಡೆಸಿದರು. 1867ರಲ್ಲಿ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಸಹಾಯಕ ನೇತ್ರ ಶಸ್ತ್ರವೈದ್ಯರಾಗಿ, 1870ರಲ್ಲಿ ಪೂರ್ಣ ಪ್ರಮಾಣದ ನೇತ್ರ ಶಸ್ತ್ರವೈದ್ಯರಾಗಿ ನೇಮಕಗೊಂಡು 1897ರವರೆಗೆ ಸೇವೆ ಸಲ್ಲಿಸಿದರು.

ತನ್ನ ಕಣ್ಣಿಗೇ ವಿಷ

ಅವರಿಗೆ ಮೊದಲು ಹೆಸರು ತಂದದ್ದು ಆಫ್ರಿಕಾದ ಒಂದು ಕಾಳು. ಇಂದಿನ ನೈಜೀರಿಯಕ್ಕೆ ಸೇರಿರುವ ಕಲಬಾರ್ ಪ್ರದೇಶದಲ್ಲಿ ಅಪರಾಧದ ಆಪಾದನೆ ಹೊತ್ತವರಿಗೆ ಈ ಕಾಳನ್ನು ತಿನ್ನಿಸುವ ಪದ್ಧತಿಯಿತ್ತು. ನಮ್ಮ ಹಳೆಯ ಧರ್ಮಶಾಸ್ತ್ರಗಳು ಹೇಳುವ 'ದಿವ್ಯ'ದಂತಹುದೇ ಪರೀಕ್ಷೆ ಅದು. ವಾಂತಿ ಮಾಡಿಕೊಂಡು ಬದುಕಿದವನು ನಿರಪರಾಧಿ, ಸತ್ತವನು ಅಪರಾಧಿ ಎಂಬುದು ನಂಬಿಕೆ. ಸ್ಕಾಟ್ಲೆಂಡಿನ ಕ್ರೈಸ್ತ ಮಿಷನರಿಗಳ ಮೂಲಕ ಈ ಕಾಳು ಎಡಿನ್‌ಬರೋ ತಲುಪಿತು. ಅಲ್ಲಿನ ಪ್ರಾಧ್ಯಾಪಕ ರಾಬರ್ಟ್ ಕ್ರಿಸ್ಟಿಸನ್ 1855ರಲ್ಲಿ ಅದನ್ನು ತಾವೇ ತಿಂದು, ಪ್ರಾಣಕ್ಕೆ ಸಂಚಕಾರ ಬರುವಂತಾದಾಗ ಕ್ಷೌರಕ್ಕೆ ಬಳಸಿದ ನೀರನ್ನು ಕುಡಿದು ವಾಂತಿ ಮಾಡಿಕೊಂಡು ಉಳಿದರು. ಮುಂದೆ ಥಾಮಸ್ ಫ್ರೇಸರ್ ಎಂಬ ಯುವ ವೈದ್ಯ ಈ ಕಾಳಿನ ಕುರಿತು 1862ರಲ್ಲಿ ಪ್ರಬಂಧ ಬರೆದು, ಅದರ ಸಾರ ಕಣ್ಣಿನ ಪಾಪೆಯನ್ನು ಕುಗ್ಗಿಸುತ್ತದೆ ಎಂಬುದನ್ನು ಗಮನಿಸಿದ್ದರು.

ಈ ವಿಷಯ ಫ್ರೇಸರ್ ಅವರಿಂದಲೇ ರಾಬರ್ಟ್‌ಸನ್ನರಿಗೆ ತಿಳಿಯಿತು. ಪಾಪೆಯನ್ನು ಹಿಗ್ಗಿಸುವ ಔಷಧಿ ಆಗಲೇ ವೈದ್ಯರ ಕೈಯಲ್ಲಿತ್ತು. ಬೆಲಡೋನಾ ಗಿಡದಿಂದ ತೆಗೆಯುವ ಅಟ್ರೊಪೀನ್ ಅದು. ಅದನ್ನು ಹಾಕಿಸಿಕೊಂಡ ರೋಗಿಗೆ ದಿನಗಟ್ಟಲೆ ಬೆಳಕು ಸಹಿಸಲಾಗದು, ಅಕ್ಷರ ಕಾಣಿಸದು. ಪಾಪೆಯನ್ನು ಕುಗ್ಗಿಸುವ, ಅಂದರೆ ಇದಕ್ಕೆ ಎದುರಾಗಿ ನಿಲ್ಲುವ ಔಷಧಿ ಇರಲಿಲ್ಲ. ರಾಬರ್ಟ್‌ಸನ್ ಕಲಬಾರ್ ಕಾಳಿನ ಸಾರವನ್ನು ತಮ್ಮ ಕಣ್ಣಿಗೇ ಹಾಕಿಕೊಂಡು ನೋಡಿದರು. ಪಾಪೆ ಚುಕ್ಕೆಯಂತೆ ಕಿರಿದಾಯಿತು. ದೂರದ ವಸ್ತುಗಳು ಮಸುಕಾದವು. ಅಟ್ರೊಪೀನ್ ಹಿಗ್ಗಿಸಿದ ಪಾಪೆಯನ್ನು ಈ ಸಾರ ಕುಗ್ಗಿಸಬಲ್ಲದೆಂದೂ ಕಂಡುಕೊಂಡರು. 1863ರ ಆರಂಭದಲ್ಲಿ ಈ ಪ್ರಯೋಗವನ್ನು ಎಡಿನ್‌ಬರೋದ ವೈದ್ಯರ ಮುಂದಿಟ್ಟಾಗ ಫ್ರೇಸರ್ ಅವರ ಪಾಲನ್ನು ಮುಚ್ಚಿಡದೆ ಸ್ಮರಿಸಿದರು.

ಆ ಕಾಳಿನ ಸತ್ವವೇ ಫೈಸೊಸ್ಟಿಗ್ಮೀನ್. 1870ರ ದಶಕದಲ್ಲಿ ಅದು ಗ್ಲಾಕೋಮಾ ರೋಗಕ್ಕೆ ಔಷಧಿಯಾಯಿತು. ಅದಕ್ಕಿಂತ ದೊಡ್ಡ ಪವಾಡ ನಡೆದದ್ದು 1934ರಲ್ಲಿ. ಲಂಡನ್ನಿನ ವೈದ್ಯೆ ಮೇರಿ ವಾಕರ್ ಮಯಸ್ತೀನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ರೋಗಿಗೆ ಅದೇ ಔಷಧಿಯನ್ನು ಚುಚ್ಚುಮದ್ದಾಗಿ ಕೊಟ್ಟಾಗ ಜೋತುಬಿದ್ದ ರೆಪ್ಪೆಗಳು ಮೇಲೆದ್ದವು. ನರದ ಸಂದೇಶ ಸ್ನಾಯುವನ್ನು ತಲುಪುವಲ್ಲಿ ಆಗುವ ತೊಡಕಿನಿಂದ ಬರುವ ಈ ರೋಗ ಬಹಳ ಮಂದಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಕಣ್ಣಿನಲ್ಲಿಯೇ. ಕೊಲ್ಲುವ ಕಾಳು ಕಾಯುವ ಮದ್ದಾದ ಕಥೆ ಇದು.

ಬೆಳಕಿಗೆ ಮಣಿಯದ ಪಾಪೆ

ಕಲಬಾರ್ ಕಾಳಿನ ಪ್ರಯೋಗ ರಾಬರ್ಟ್‌ಸನ್ನರ ಗಮನವನ್ನು ಪಾಪೆಯ ಚಲನೆಯ ಮೇಲೆ ಶಾಶ್ವತವಾಗಿ ನೆಟ್ಟಿತೆನ್ನಬಹುದು. ಆರೋಗ್ಯವಂತರ ಪಾಪೆ ಎರಡು ಸಂದರ್ಭಗಳಲ್ಲಿ ಕುಗ್ಗುತ್ತದೆ. ಬೆಳಕು ಬಿದ್ದಾಗ ಒಮ್ಮೆ. ದೂರ ನೋಡುತ್ತಿದ್ದವರು ಹತ್ತಿರದ ವಸ್ತುವಿನತ್ತ ನೋಟ ತಿರುಗಿಸಿದಾಗ ಇನ್ನೊಮ್ಮೆ. ಈ ಎರಡೂ ಒಟ್ಟೊಟ್ಟಿಗೆ ಇರುವುದು ಸಹಜ.

ಆದರೆ ಅವರ ಬಳಿಗೆ ಬಂದ ಕೆಲವು ರೋಗಿಗಳಲ್ಲಿ ವಿಚಿತ್ರವೊಂದು ಕಂಡಿತು. ಅವರ ಪಾಪೆಗಳು ತೀರಾ ಕಿರಿದಾಗಿದ್ದವು. ದೃಷ್ಟಿ ನಷ್ಟವಾಗಿರಲಿಲ್ಲ. ಬೆಳಕು ಬಿಟ್ಟರೆ ಪಾಪೆ ಕದಲುತ್ತಿರಲಿಲ್ಲ. ಹತ್ತಿರದ ವಸ್ತುವನ್ನು ನೋಡಹೇಳಿದರೆ ಕುಗ್ಗುತ್ತಿತ್ತು. ಈ ರೋಗಿಗಳೆಲ್ಲರಲ್ಲೂ ಬೆನ್ನುಹುರಿಯ ಬೇನೆಯ ಲಕ್ಷಣಗಳಿದ್ದವು. 1869ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಎರಡು ಲೇಖನಗಳನ್ನು ಪ್ರಕಟಿಸಿದರು. ಮೊದಲನೆಯದರಲ್ಲಿ ಒಬ್ಬ ರೋಗಿಯ ವಿವರ, ಎರಡನೆಯದರಲ್ಲಿ ನಾಲ್ವರ ವಿವರ. ಒಟ್ಟು ಐವರು ರೋಗಿಗಳು! ಈ ಐವರ ಕಣ್ಣುಗಳು ಒಬ್ಬ ವೈದ್ಯನ ಹೆಸರನ್ನು ಶಾಶ್ವತಗೊಳಿಸಿದವು.

ಇಂತಹ ರೋಗಿಗಳ ಪಾಪೆ ಕಿರಿದಾಗಿರುವುದನ್ನು ಬರ್ಲಿನ್ನಿನ ರಾಂಬರ್ಗ್ ಮೊದಲೇ ಗಮನಿಸಿದ್ದರು. ರಾಬರ್ಟ್‌ಸನ್ನರ ಹಿರಿಮೆ ಇರುವುದು ಬೆಳಕಿನ ಸ್ಪಂದನವನ್ನೂ ಹತ್ತಿರದ ನೋಟದ ಸ್ಪಂದನವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ್ದರಲ್ಲಿ. ಒಂದು ಕೆಟ್ಟು ಇನ್ನೊಂದು ಉಳಿದಿದೆ ಎಂದರೆ ಎರಡಕ್ಕೂ ನರಮಂಡಲದಲ್ಲಿ ಪ್ರತ್ಯೇಕ ಹಾದಿಗಳಿವೆ ಎಂದೇ ಅರ್ಥವಲ್ಲವೇ? ಬೆಳಕಿನ ಸುದ್ದಿ ಅಕ್ಷಿಪಟಲದಿಂದ ಹೊರಟು, ದೃಷ್ಟಿನರದ ಮೂಲಕ ನಡುಮಿದುಳಿನ ಹಿಂಭಾಗವನ್ನು ತಲುಪಿ, ಅಲ್ಲಿಂದ ಪಾಪೆಯ ಸ್ನಾಯುವಿಗೆ ಮರಳುತ್ತದೆ. ಹತ್ತಿರದ ನೋಟದ ಆಜ್ಞೆ ಈ ಹಿಂಭಾಗದ ಹಾದಿಯನ್ನು ಹಿಡಿಯದೆ ಬೇರೆ ದಾರಿಯಲ್ಲಿ ಬರುತ್ತದೆ. ಹಿಂಭಾಗದ ಹಾದಿಗೆ ಪೆಟ್ಟು ಬಿದ್ದಾಗ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ಉಳಿಯುತ್ತದೆ. ಈ ವಿವರಣೆ ನಂತರದ ತಲೆಮಾರುಗಳದು. ರಾಬರ್ಟ್‌ಸನ್ ದೋಷ ಬೆನ್ನುಹುರಿಯಲ್ಲಿದೆಯೆಂದೇ ಭಾವಿಸಿದ್ದರು. ಸ್ಥಳದ ಬಗೆಗಿನ ಅವರ ಊಹೆ ನಿಲ್ಲಲಿಲ್ಲ. ಕಂಡದ್ದರ ವರ್ಣನೆ ಮಾತ್ರ ಅಚ್ಚಳಿಯದೆ ನಿಂತಿತು.

ಹೆಸರು ಹೇಳಲಾಗದ ರೋಗ

ಈ ಪಾಪೆಯ ಹಿಂದಿದ್ದ ರೋಗ ಯಾವುದು? ಬಹುತೇಕ ಸಂದರ್ಭಗಳಲ್ಲಿ ಸಿಫಿಲಿಸ್. ಅಂದು ಯುರೋಪಿನ ಮಾನಸಿಕ ಆಸ್ಪತ್ರೆಗಳಲ್ಲಿ ಬುದ್ಧಿಭ್ರಮಣೆಯಿಂದ ನರಳಿ ಪಾರ್ಶ್ವವಾಯು ಹೊಡೆದು ಸಾಯುತ್ತಿದ್ದ ಅಸಂಖ್ಯ ಜನರೂ, ಕಾಲಿನ ಹಿಡಿತ ತಪ್ಪಿ, ಮಿಂಚಿನಂತಹ ನೋವು ತಾಳಲಾರದೆ ಹಾಸಿಗೆ ಹಿಡಿಯುತ್ತಿದ್ದವರೂ ಈ ಸೋಂಕಿನ ಕೊನೆಯ ಹಂತದಲ್ಲಿದ್ದವರೇ. ಸೋಂಕು ತಗುಲಿ ಎಷ್ಟೋ ವರ್ಷಗಳ ನಂತರ ಅದು ಮಿದುಳಿಗೂ ಬೆನ್ನುಹುರಿಗೂ ಇಳಿಯುತ್ತಿದ್ದುದರಿಂದ ಎರಡರ ನಂಟು ಯಾರಿಗೂ ತಿಳಿದಿರಲಿಲ್ಲ. ಪ್ಯಾರಿಸ್ಸಿನ ಫೂರ್ನಿಯೆ 1870ರ ದಶಕದಲ್ಲಿ ಈ ನಂಟಿನ ಮಾತೆತ್ತಿದಾಗ ಹಿರಿಯ ವೈದ್ಯರೇ ಒಪ್ಪಲಿಲ್ಲ. ರೋಗಾಣು ಕಂಡದ್ದು 1905ರಲ್ಲಿ, ರಕ್ತಪರೀಕ್ಷೆ ಬಂದದ್ದು 1906ರಲ್ಲಿ. ಅಮೆರಿಕದಲ್ಲಿದ್ದ ಜಪಾನಿನ ವಿಜ್ಞಾನಿ ನೊಗುಚಿ ಸಹೋದ್ಯೋಗಿಯೊಡನೆ ಆ ರೋಗಾಣುವನ್ನು ಸತ್ತ ರೋಗಿಗಳ ಮಿದುಳಿನಲ್ಲಿಯೇ ತೋರಿಸಿದ್ದು 1913ರಲ್ಲಿ.

ಅಂದರೆ 1869ರಿಂದ ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ವೈದ್ಯರ ಬಳಿ ಈ ರೋಗಕ್ಕೆ ರಕ್ತಪರೀಕ್ಷೆ ಇರಲಿಲ್ಲ. ಇದ್ದದ್ದು ಒಂದು ದೀಪ, ಒಂದು ಬೆರಳು ಮತ್ತು ರಾಬರ್ಟ್‌ಸನ್ ಹೇಳಿಕೊಟ್ಟ ಪರೀಕ್ಷೆ. ನಡಿಗೆ ತಪ್ಪುವ ಮುನ್ನ, ಮಾತು ತೊದಲುವ ಮುನ್ನ ಪಾಪೆ ಗುಟ್ಟು ಬಿಟ್ಟುಕೊಡುವುದುಂಟು. ಆದರೆ ಗುಟ್ಟು ತಿಳಿದ ವೈದ್ಯರ ಕೈಯಲ್ಲಿ ಮದ್ದು ಇರಲಿಲ್ಲವೆಂಬುದೇ ಆ ಕಾಲದ ದುರಂತ. ಪೆನಿಸಿಲಿನ್ ಈ ರೋಗದ ಮೇಲೆ ಪ್ರಯೋಗವಾದದ್ದು 1943ರಲ್ಲಿ. ಆಗ ರಾಬರ್ಟ್‌ಸನ್ ತೀರಿಕೊಂಡು 34 ವರ್ಷಗಳಾಗಿದ್ದವು.

ಮನ್ನಣೆಯ ವರ್ಷಗಳು

ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಗೆ ರಾಬರ್ಟ್‌ಸನ್ 1880ರ ದಶಕದಲ್ಲಿ ಅಧ್ಯಕ್ಷರಾದರು. ತಂದೆಯೂ ಹಿಂದೆ ಅದೇ ಪೀಠವನ್ನು ಅಲಂಕರಿಸಿದ್ದರು. 1894ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ನೇತ್ರ ಸಮ್ಮೇಳನದ ಅಧ್ಯಕ್ಷತೆಯೂ ಅವರದೇ. ವಿಕ್ಟೋರಿಯಾ ರಾಣಿಗೆ ಸ್ಕಾಟ್ಲೆಂಡಿನ ನೇತ್ರವೈದ್ಯರೆಂಬ ಗೌರವವೂ ಸಂದಿತ್ತು. ಅದೇ ವರ್ಷಗಳಲ್ಲಿ ಕಲಬಾರ್ ಮತ್ತೊಮ್ಮೆ ಅವರ ಬಾಗಿಲಿಗೆ ಬಂತು. ಅಲ್ಲಿ ನೆಲೆಸಿದ್ದ ಮಹಿಳೆಯೊಬ್ಬರ ಕಣ್ಣಿನ ಬಿಳಿಯ ಪೊರೆಯಡಿ ಹರಿದಾಡುತ್ತಿದ್ದ ಹುಳುವನ್ನು ಅವರು ಹೊರತೆಗೆದು 1895ರಲ್ಲಿ ವರದಿ ಮಾಡಿದರು. ಲೋವಾ ಲೋವಾ ಎಂಬ ಆ ಹುಳುವಿನ ಕುರಿತ ಪ್ರಮುಖ ದಾಖಲೆಗಳಲ್ಲಿ ಅದೂ ಒಂದು.

ಆಸ್ಪತ್ರೆಯ ಹೊರಗೆ ಅವರು ಪಕ್ಕಾ ಕ್ರೀಡಾಪಟು. ಗಾಲ್ಫ್ ಆಟದಲ್ಲಿ ಸೇಂಟ್ ಆಂಡ್ರ್ಯೂಸ್‌ನ ಪ್ರತಿಷ್ಠಿತ ಕ್ಲಬ್ಬಿನ ಚಿನ್ನದ ಪದಕವನ್ನು ಹಲವು ಬಾರಿ ಗೆದ್ದವರು, ಬಿಲ್ಲುವಿದ್ಯೆಯಲ್ಲೂ ನಿಪುಣರು. 1882ರಲ್ಲಿ ಕ್ಯಾರಿ ಫ್ರೇಸರ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ವೃತ್ತಿಯಿಂದ ನಿವೃತ್ತರಾದ ಮೇಲೆ ಜರ್ಸಿ ದ್ವೀಪದಲ್ಲಿ ನೆಲೆಸಿದರು.

ಗೊಂಡಲ್‌ನಲ್ಲಿ ಕೊನೆಯುಸಿರು

ಅವರ ಭಾರತದ ನಂಟಿಗೆ ಕಾರಣರಾದವರು ಸೌರಾಷ್ಟ್ರದ ಗೊಂಡಲ್ ಸಂಸ್ಥಾನದ ದೊರೆ ಭಗವತ್‌ಸಿಂಹಜಿ. 1884ರಲ್ಲಿ ಪೂರ್ಣ ಆಡಳಿತಾಧಿಕಾರ ಪಡೆದ ಈ ಅರಸರು ಎಡಿನ್‌ಬರೋಗೆ ಹೋಗಿ ವೈದ್ಯಶಾಸ್ತ್ರ ಓದಿ ಎಂ.ಡಿ. ಪಡೆದವರು, ಭಾರತೀಯ ವೈದ್ಯ ಪರಂಪರೆಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು, ತಮ್ಮ ಪುಟ್ಟ ರಾಜ್ಯದಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಒತ್ತುಕೊಟ್ಟವರು. ಎಡಿನ್‌ಬರೋದಲ್ಲಿ ರಾಬರ್ಟ್‌ಸನ್ನರ ಶಿಷ್ಯರಾಗಿದ್ದ ದೊರೆ ಗುರುವನ್ನು ಮರೆಯಲಿಲ್ಲ. ರಾಬರ್ಟ್‌ಸನ್ 1892ರಲ್ಲಿ ಮತ್ತು 1900ರಲ್ಲಿ ಭಾರತಕ್ಕೆ ಬಂದು ಹೋಗಿದ್ದರು. 1908ರ ಚಳಿಗಾಲದಲ್ಲಿ ಪತ್ನಿಯೊಡನೆ ಮೂರನೆಯ ಬಾರಿ ಬಂದು ಗೊಂಡಲ್‌ನಲ್ಲಿ ಶಿಷ್ಯನ ಅತಿಥಿಯಾದರು. ಮರಳಿ ಹೋಗುವ ಯೋಗವಿರಲಿಲ್ಲ. 1909ರ ಜನವರಿ 3ರಂದು, 71ನೆಯ ವಯಸ್ಸಿನಲ್ಲಿ, ಅಲ್ಲಿಯೇ ಕೊನೆಯುಸಿರೆಳೆದರು. ಗೊಂಡಲಿ ನದಿಯ ದಂಡೆಯಲ್ಲಿ ಅವರ ದೇಹಕ್ಕೆ ದಹನ ಸಂಸ್ಕಾರ ನಡೆಯಿತು. ಚಿತೆಗೆ ಅಗ್ನಿಸ್ಪರ್ಶ ಮಾಡಿದವರು ದೊರೆ ಭಗವತ್‌ಸಿಂಹಜಿ. ಮಕ್ಕಳಿಲ್ಲದ ಗುರುವಿಗೆ ಶಿಷ್ಯನೇ ಮಗನ ಸ್ಥಾನದಲ್ಲಿ ನಿಂತ ಈ ಪ್ರಸಂಗ ಮನಮಿಡಿಯುವಂತಹುದು.

ಇಂದು ಸಿ.ಟಿ., ಎಂ.ಆರ್.ಐ. ಯಂತ್ರಗಳು ಮಿದುಳಿನ ಪದರ ಪದರವನ್ನೂ ಚಿತ್ರವಾಗಿ ತೋರಿಸುತ್ತವೆ. ಪೆನಿಸಿಲಿನ್ ಬಂದ ಮೇಲೆ ರಾಬರ್ಟ್‌ಸನ್ ಪಾಪೆ ಅಪರೂಪವಾಗಿದೆ. ಆದರೂ ಸಿಫಿಲಿಸ್ ಭೂಮಿಯಿಂದ ಅಳಿದಿಲ್ಲ. ದೀರ್ಘಕಾಲದ ಮಧುಮೇಹದಂತಹ ರೋಗಗಳಲ್ಲೂ ಇದನ್ನು ಹೋಲುವ ಪಾಪೆ ಕಾಣಬಹುದು. ಆದ್ದರಿಂದ ಬೆಳಕು ಬಿಟ್ಟು ನೋಡುವ, ಬಳಿಕ ಬೆರಳನ್ನು ಹತ್ತಿರ ತಂದು ನೋಡುವ ಆ ಪರೀಕ್ಷೆಯನ್ನು ವೈದ್ಯ ಕಾಲೇಜುಗಳು ಇಂದಿಗೂ ಕೈಬಿಟ್ಟಿಲ್ಲ. ಅದಕ್ಕೆ ವಿದ್ಯುತ್ತು ಬೇಡ, ದುಬಾರಿ ಶುಲ್ಕ ಬೇಡ, ನಗರದ ದೊಡ್ಡ ಆಸ್ಪತ್ರೆಯೂ ಬೇಡ. ಬೇಕಾದದ್ದು ರೋಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವ ವೈದ್ಯನ ತಾಳ್ಮೆ. ಕಾರಣ ಗೊತ್ತಿಲ್ಲದಿದ್ದಾಗಲೂ ಕಂಡದ್ದನ್ನು ಕಂಡಂತೆ ಬರೆದಿಟ್ಟ ರಾಬರ್ಟ್‌ಸನ್, ಅರ್ಥ ಹೇಳುವ ಕೆಲಸವನ್ನು ಮುಂದಿನವರಿಗೆ ಬಿಟ್ಟುಹೋದರು. ಅವರ ಹೆಸರು ಉಳಿದಿರುವುದು ಆ ಪ್ರಾಮಾಣಿಕ ನೋಟದಿಂದಾಗಿ.