ತ್ಯಾಗವೀರ ಸಿರಸಂಗಿ ಲಿಂಗರಾಜರು

ಬೆಳಗಾವಿ ಜಿಲ್ಲೆಯ ಪರಸಗಡ ತಾಲೂಕಿನಲ್ಲಿ, ಎಂದರೆ ಇಂದಿನ ಸವದತ್ತಿ ತಾಲೂಕಿನಲ್ಲಿ, ಸಿರಸಂಗಿಯೆಂಬ ಗ್ರಾಮವಿರುವದು. ಕಾಳಿಕಾದೇವಿಯ ಕ್ಷೇತ್ರವೆಂದು ಅದು ಮೊದಲಿನಿಂದಲೂ ಪ್ರಸಿದ್ಧವಾಗಿದ್ದರೂ, ವಿದ್ಯಾರ್ಥಿಗಳ ಲೋಕದಲ್ಲಿ ಆ ಊರಿನ ಹೆಸರು ಹಬ್ಬಿದ್ದು ಅಲ್ಲಿಯ ದೇಸಗತಿಯ ಒಡೆಯರಾದ ಲಿಂಗರಾಜರಿಂದ. ತಾವು ಪಡೆದ ಸಿರಿಯನ್ನು ತಮ್ಮ ಮನೆತನಕ್ಕೆ ಉಳಿಸದೆ ಬಡಮಕ್ಕಳ ಓದಿಗೆ ಒಪ್ಪಿಸಿದ್ದರಿಂದ ನಾಡು ಅವರನ್ನು ತ್ಯಾಗವೀರರೆಂದು ಕರೆಯಿತು. ಆ ತ್ಯಾಗದ ಬೆಲೆ ತಿಳಿಯಬೇಕಾದರೆ, ಅಂದಿನ ಕಾಲದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಒಬ್ಬ ರೈತನ ಮಗನು ಕನ್ನಡ ಶಾಳೆಯನ್ನು ಮುಗಿಸಿ ಮುಂದೆ ಹೋಗಬೇಕೆಂದಾಗ ಅವನೆದುರಿಗೆ ಏನಿತ್ತೆಂಬದನ್ನು ನೋಡಬೇಕು.

ಲಿಂಗರಾಜರು ಹುಟ್ಟಿನಿಂದ ದೇಸಾಯರಲ್ಲ. ೧೮೬೧ನೆಯ ಇಸವಿಯ ಜನೇವರಿ ೧೦ರಂದು ಶಿಗ್ಲಿ ಗ್ರಾಮದಲ್ಲಿ ಅವರ ಜನನವಾಯಿತು. ತಂದೆತಾಯಿಗಳು ಇಟ್ಟ ಹೆಸರು ರಾಮಪ್ಪ. ೧೮೭೨ರಲ್ಲಿ, ಹನ್ನೊಂದರ ಹರೆಯದಲ್ಲಿ, ಸಿರಸಂಗಿಯ ಮನೆತನಕ್ಕೆ ದತ್ತಕ ಹೋಗಿ ಲಿಂಗರಾಜರೆನಿಸಿದರು. ನವಲಗುಂದ-ಸಿರಸಂಗಿಯ ದೇಸಗತಿಯು ಪುರಾತನವಾದದ್ದು, ವಿಸ್ತಾರವಾದ ಭೂಮಿಯುಳ್ಳದ್ದು. ದತ್ತಕವೆಂದರೆ ಏನೆಂಬದನ್ನು ಬೆಳಗಾವಿ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದತ್ತಕ ಮಗನನ್ನು ಕುಂಪಣಿ ಸರಕಾರವು ಒಪ್ಪದೆ ಹೋದದ್ದರಿಂದಲೇ ೧೮೨೪ರಲ್ಲಿ ಕಿತ್ತೂರಿನ ಕಾಳಗ ನಡೆಯಿತು. ವಾಡೆಯ ದೀಪ ಉರಿಯುವದೂ ನಂದುವದೂ ಒಬ್ಬ ಹುಡುಗನ ಮೇಲೆ ನಿಂತಿರುವ ಕಾಲವದು. ಶಿಗ್ಲಿಯ ಬಾಲಕನು ಆ ದೀಪಕ್ಕೆ ಎಣ್ಣೆಯಾಗಿ ಬಂದವನು. ಮುಂದೆ ಅವನು ಮಾಡಿದ ಕಾರ್ಯವನ್ನು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ತೂಗತಕ್ಕದ್ದು.

ಅವರು ಬೆಳೆದು ದೊಡ್ಡವರಾದ ಕಾಲವು ಸುಖದ ಕಾಲವಾಗಿರಲಿಲ್ಲ. ೧೮೭೬ರಿಂದ ೧೮೭೮ರ ವರೆಗಿನ ಘೋರ ಕ್ಷಾಮವು ಮುಂಬಯಿ ಕರ್ನಾಟಕವನ್ನು ಹಿಂಡಿತು. ಶತಮಾನದ ಕೊನೆಯಲ್ಲಿ ಮತ್ತೆ ಬರ, ಅದರ ಬೆನ್ನಿಗೆ ಪ್ಲೇಗು. ಇಂಥ ಕಾಲದಲ್ಲಿ ಒಕ್ಕಲಿಗನ ಮನೆಯಲ್ಲಿ ಓದೆಂಬದು ಎತ್ತು, ಬೀಜ, ಸಾಲಗಳ ತರುವಾಯದ ಮಾತು.

ಆದಾಗ್ಯೂ ಕನ್ನಡ ಶಾಳೆಗಳು ಹಳ್ಳಿಗಳಿಗೆ ಬಂದಿದ್ದವು. ಅದಕ್ಕೆ ಡೆಪ್ಯುಟಿ ಚನ್ನಬಸಪ್ಪನವರೇ ಮೊದಲಾದ ಹಿರಿಯರ ಶ್ರಮವು ಕಾರಣ. ೧೮೮೧ರಲ್ಲಿ ಚನ್ನಬಸಪ್ಪನವರು ತೀರಿಕೊಳ್ಳುವ ಹೊತ್ತಿಗೆ, ಮರಾಠಿಯೇ ತುಂಬಿಕೊಂಡಿದ್ದ ಈ ಪ್ರಾಂತದ ಶಾಳೆಗಳಲ್ಲಿ ಕನ್ನಡಕ್ಕೆ ನೆಲೆ ದೊರಕಿತ್ತು. ತೊಡಕು ಇದ್ದದ್ದು ಅದರ ಮುಂದಿನ ಮೆಟ್ಟಿಲಲ್ಲಿ. ಕನ್ನಡ ನಾಲ್ಕನೆಯ ಇಯತ್ತೆ ಮುಗಿದ ಹುಡುಗನ ಎದುರಿಗೆ ಎರಡು ದಾರಿಗಳು ಒಡೆಯುತ್ತಿದ್ದವು. ಕನ್ನಡ ಶಾಳೆಯಲ್ಲಿಯೇ ಉಳಿದು ಮುಲ್ಕಿ ಪರೀಕ್ಷೆಗೆ ಕೂಡ್ರುವದು ಒಂದು; ಅದು ತೇರ್ಗಡೆಯಾದರೆ ಮಾಸ್ತರಿಕೆಯೋ ತಲಾಠಿಯ ಕೆಲಸವೋ ದೊರೆಯಬಹುದು, ಅಲ್ಲಿಗೆ ಓದು ಮುಗಿಯಿತು. ಇಂಗ್ಲಿಷ ಶಾಳೆಗೆ ಸೇರಿ ಮೊದಲನೆಯ ಇಯತ್ತೆಯಿಂದ ಏಳನೆಯದರ ವರೆಗೆ ನಡೆದು ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ಮುಟ್ಟುವದು ಇನ್ನೊಂದು. ಕಾಲೇಜು, ವಕೀಲಿ, ವೈದ್ಯಕೀಯ, ಮಾಮಲೆದಾರಿಕೆ ಎಲ್ಲವೂ ಈ ಎರಡನೆಯ ದಾರಿಯಲ್ಲಿದ್ದವು. ದಾರಿ ಒಡೆಯುವಾಗ ಹುಡುಗನಿಗೆ ಹತ್ತು ಹನ್ನೊಂದು ವರ್ಷ. ಆ ವಯಸ್ಸಿನಲ್ಲಿ ಅವನ ಬಾಳು ನಿಶ್ಚಯವಾಗುತ್ತಿತ್ತು, ಅದೂ ಅವನ ಬುದ್ಧಿಯನ್ನು ನೋಡಿ ಅಲ್ಲ.

ಗೋಕಾಕವು ತಾಲೂಕಿನ ಮುಖ್ಯ ಸ್ಥಳವಾಗಿತ್ತು. ಮೂಡಲಗಿಯು ಆಗ ಅದೇ ತಾಲೂಕಿನ ಒಂದು ಊರು. ಹುಕ್ಕೇರಿಯು ಚಿಕ್ಕೋಡಿ ತಾಲೂಕಿನೊಳಗಿತ್ತು. ಇಲ್ಲಿಯ ಹುಡುಗನು ಮ್ಯಾಟ್ರಿಕ್ ವರೆಗೆ ಓದಬೇಕಾದರೆ ಬೆಳಗಾವಿಯ ಸರದಾರ ಹಾಯಸ್ಕೂಲಿಗೋ ಮಿಶನ್ನಿನವರ ಹಾಯಸ್ಕೂಲಿಗೋ ಹೋಗಬೇಕು. ಇಲ್ಲವೆ ಧಾರವಾಡಕ್ಕೆ, ಕೊಲ್ಲಾಪುರಕ್ಕೆ. ರೇಲ್ವೆ ಬಂದ ಮೇಲೆ ಪ್ರಯಾಣವೇನೋ ಸುಲಭವಾಯಿತು. ಆದರೆ ಇಳಿದ ಮೇಲೆ ಉಳಿಯುವದೆಲ್ಲಿ? ಬ್ರಾಹ್ಮಣ ಬಾಲಕರಿಗೆ ವಾರಾನ್ನದ ಪದ್ಧತಿಯಿತ್ತು. ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರು ಅವರಲ್ಲಿ ಬಹು ಜನ. ಲಿಂಗವಂತರಲ್ಲಿ ಓದುವ ಹುಡುಗನಿಗಾಗಿ ಅಂಥ ರೂಢಿಯು ಬೆಳೆದಿರಲಿಲ್ಲ. ಮುಂಜಾನೆ ಸ್ನಾನ, ಇಷ್ಟಲಿಂಗ ಪೂಜೆ ಆಗದೆ ಉಣ್ಣಲಾಗದ ಮಗುವನ್ನು ತಾಯಿಯು ಗುರುತಿಲ್ಲದ ಪಟ್ಟಣದ ಖಾನಾವಳಿಗೆ ಹೇಗೆ ಕಳಿಸಿಯಾಳು? ಊರಿನಿಂದ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ಎಷ್ಟು ದಿನ ಬಂದೀತು? ಇದರ ಮೇಲೆ ಶಾಳೆಯ ಫೀ, ಪುಸ್ತಕದ ಖರ್ಚು. ಇನ್ನೊಂದು ಭಾರವೂ ಇತ್ತು. ಬೆಳಗಾವಿಯಲ್ಲಿ ಮರಾಠಿಯದೇ ಮೇಲುಗೈಯಾಗಿದ್ದುದರಿಂದ ಮೂಡಲಗಿಯ ಕಡೆಯ ಹುಡುಗನು ಮನೆಯಲ್ಲಿ ಕನ್ನಡ ಆಡಿ, ಶಾಳೆಯಲ್ಲಿ ಮರಾಠಿ ಕೇಳಿ, ಪುಸ್ತಕದಲ್ಲಿ ಇಂಗ್ಲಿಷ ಓದಬೇಕು. ಆದುದರಿಂದ ಜಾಣನಾದವನೂ ನಾಲ್ಕನೆಯ ಇಯತ್ತೆಗೆ ಪಾಟಿಯನ್ನು ಗೂಡಿನಲ್ಲಿಟ್ಟು ಮೇಳಿ ಹಿಡಿಯುತ್ತಿದ್ದನು, ಇಲ್ಲವೆ ಗೋಕಾಕದ ಧಬಧಬೆಯ ಬಳಿ ಎದ್ದ ಹತ್ತಿಯ ಗಿರಣಿಯ ದಾರಿ ಹಿಡಿಯುತ್ತಿದ್ದನು.

ಈ ಕೊರತೆಯನ್ನು ಮೊದಲು ಕಂಡವರು ಲಿಂಗರಾಜರೇ ಎಂದು ಹೇಳುವದು ಅತಿಶಯೋಕ್ತಿಯಾದೀತು. ೧೮೮೩ರಲ್ಲಿಯೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತ್ತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಸಮಾಜದ ವಿದ್ಯೆಗಾಗಿ ದುಡಿದರು. ಅವರು ಬೆವರಿನಿಂದ ಗಳಿಸಿ ಕೊಟ್ಟವರು. ಆದರೆ ಕೂಡಿಸಿದ ವಂತಿಗೆಯಿಂದ ಎಷ್ಟು ಹುಡುಗರನ್ನು ಓದಿಸಲಾದೀತು? ಒಂದು ಸುಗ್ಗಿ ಕೆಟ್ಟರೆ ವಂತಿಗೆಯೂ ಕೆಡುವದು. ಹುಡುಗನು ಇಂಗ್ಲಿಷ ಮೂರನೆಯ ಇಯತ್ತೆಯಲ್ಲಿದ್ದಾಗ ಸಹಾಯವು ನಿಂತರೆ, ಅವನು ಮುಲ್ಕಿಗೂ ಇಲ್ಲ, ಮ್ಯಾಟ್ರಿಕ್ಕಿಗೂ ಇಲ್ಲ. ವರ್ಷವರ್ಷವೂ ತಪ್ಪದೆ ಬರುವ, ಭೂಮಿಯಲ್ಲಿ ಬೇರೂರಿದ ಉತ್ಪನ್ನವೇ ಇದಕ್ಕೆ ಬೇಕಾಗಿತ್ತು.

೧೯೦೪ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಪ್ರಯತ್ನದಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ಸೇರಿತು. ಅಧ್ಯಕ್ಷ ಪೀಠವು ಲಿಂಗರಾಜರಿಗೆ ಸಂದಿತು. ಮಠದ ವಿರಕ್ತರೂ ವಾಡೆಯ ದೇಸಾಯರೂ ಒಂದೇ ಚಪ್ಪರದಲ್ಲಿ ಕುಳಿತು ಸಮಾಜದ ಹಿತವನ್ನು ಕುರಿತು ವಿಚಾರ ಮಾಡಿದ್ದು ಅದೊಂದು ಹೊಸ ಸಂಗತಿ. ಸಭೆಗಳಲ್ಲಿ ಠರಾವುಗಳು ಆಗುವವು, ಚಪ್ಪಾಳೆಗಳು ಬೀಳುವವು, ಜನರು ಊರಿಗೆ ಮರಳುವರು. ಲಿಂಗರಾಜರು ಹಾಗೆ ಮರಳಲಿಲ್ಲ. ಎರಡು ವರ್ಷಗಳೊಳಗಾಗಿ ಅವರು ಮಾಡಿದ ಕಾರ್ಯವೇ ಅದಕ್ಕೆ ಸಾಕ್ಷಿ.

ಅವರಿಗೆ ಉತ್ತರಾಧಿಕಾರಿಯಿರಲಿಲ್ಲ. ದತ್ತಕ ತೆಗೆದುಕೊಂಡು ಮನೆತನವನ್ನು ಮುಂದುವರಿಸುವದು ಲೋಕದ ದಾರಿ. ತಾವೇ ಆ ದಾರಿಯಿಂದ ಬಂದವರಾದ್ದರಿಂದ ಅದನ್ನು ಬಿಡುವದು ಅವರಿಗೆ ಮತ್ತಷ್ಟು ಕಠಿಣವಾಗಬೇಕು. ತಮ್ಮ ಹೆಸರನ್ನು ಹೇಳುವ ಒಬ್ಬ ಹುಡುಗನನ್ನು ತರುವದರ ಬದಲು, ೧೯೦೬ರಲ್ಲಿ ಮೃತ್ಯುಪತ್ರವನ್ನು ಬರೆಯಿಸಿ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮೀಸಲಿಟ್ಟರು. ಅದೇ ವರ್ಷದ ಅಗಸ್ಟ ೨೩ರಂದು ಲಿಂಗೈಕ್ಯರಾದರು. ಆಗ ಅವರಿಗೆ ೪೫ ವರ್ಷ. ದಾಸೋಹವೆಂಬದು ಉಂಡು ಉಳಿದದ್ದನ್ನು ನೀಡುವದಲ್ಲ, ತನ್ನದೆಂಬದನ್ನೇ ಬಿಡುವದು. ಒಂದು ವಾಡೆಗೆ ಒಬ್ಬ ದತ್ತಕಪುತ್ರನು ಬರುವಲ್ಲಿ, ನಾಡಿನ ಬಡಮಕ್ಕಳೇ ಆ ವಾಡೆಗೆ ದತ್ತಕ ಬಂದಂತಾಯಿತು.

ಆ ಆಸ್ತಿಯಿಂದಾದ ಸಿರಸಂಗಿ-ನವಲಗುಂದ ಟ್ರಸ್ಟಿನ ಶಿಷ್ಯವೃತ್ತಿಗಳು, ಮುಖ್ಯವಾಗಿ ವೀರಶೈವ ವಿದ್ಯಾರ್ಥಿಗಳಿಗೆ, ಹಾಯಸ್ಕೂಲನ್ನೂ ಕಾಲೇಜನ್ನೂ ತೆರೆದು ತೋರಿಸಿದವು. ಇದರ ಮಿತಿಯನ್ನೂ ಹೇಳಬೇಕು. ಹೆಣ್ಣುಮಕ್ಕಳು ಆಗ ಇಂಗ್ಲಿಷ ಶಾಳೆಯ ಹೊಸ್ತಿಲಿಗೆ ಬರುವದೇ ಅಪರೂಪವಾಗಿತ್ತು. ನಾಲ್ಕನೆಯ ಇಯತ್ತೆಯ ಮೊದಲೇ ಹೊಲಕ್ಕೆ ಹೋದ ಹುಡುಗನಿಗೂ ಶಿಷ್ಯವೃತ್ತಿಯು ಮುಟ್ಟುವದು ಕಠಿಣ. ಹೊಸ್ತಿಲ ವರೆಗೆ ಬಂದು ನಿಂತವನ ಕೈ ಹಿಡಿಯುವದು ಅದರ ಕೆಲಸ. ಆ ಕೆಲಸದ ಫಲವು ಹತ್ತು ವರ್ಷಗಳಲ್ಲಿಯೇ ಕಾಣಿಸಿತು. ೧೯೧೬ರ ನವೆಂಬರ ೧೩ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಇಂಗ್ಲಿಷ ಶಾಳೆಯನ್ನು ತೆರೆದು ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೆ ಅಡಿಗಲ್ಲಿಟ್ಟರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಈ ತರುಣರಲ್ಲಿ ಲಿಂಗರಾಜರ ನಿಧಿಯ ನೆರವಿನಿಂದ ಉಚ್ಚ ಶಿಕ್ಷಣ ಪಡೆದವರಿದ್ದರು. ಉಂಡವರೇ ಬಡಿಸಲು ನಿಂತರೆಂಬುದು ಇಲ್ಲಿಯ ವಿಶೇಷ. ಆ ಶಾಳೆಯು ಮುಂದೆ ಗಿಲಗಂಚಿ-ಅರಟಾಳ ಹಾಯಸ್ಕೂಲೆಂದು ಹೆಸರಾಯಿತು. ಹುಕ್ಕೇರಿ ಸೀಮೆಯ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರು ಈ ಸಂಸ್ಥೆಗೆ ಆಸರೆಯಾದರು. ಹಿಡಕಲ್ಲಿನ ಬಳಿ ಘಟಪ್ರಭೆಗೆ ಕಟ್ಟಿದ ಜಲಾಶಯವು ಅವರ ಹೆಸರನ್ನೇ ಹೊತ್ತಿದೆ.

ಹಳ್ಳಿಯ ಮಗುವಿನಲ್ಲಿ ಬುದ್ಧಿಯ ಕೊರತೆಯಿತ್ತೆ ಎಂಬ ಸಂಶಯವುಳ್ಳವರಿಗೆ ಗೋಕಾಕ ತಾಲೂಕಿನ ಮಮದಾಪುರವು ಉತ್ತರ ಕೊಟ್ಟಿತು. ೧೮೯೯ರಲ್ಲಿ ಅಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಿಂದ ಕೇಂಬ್ರಿಜಿಗೆ ಹೋಗಿ ೧೯೨೭ರಲ್ಲಿ ಗಣಿತದಲ್ಲಿ ರ‍್ಯಾಂಗ್ಲರ್ ಪದವಿ ಪಡೆದರು. ೧೯೫೪ರಿಂದ ೧೯೬೭ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು.

ಶಿಷ್ಯವೃತ್ತಿಯು ಫೀ ಪುಸ್ತಕಗಳ ಚಿಂತೆಯನ್ನು ಕಳೆದರೂ, ಉಣ್ಣುವ ಮಲಗುವ ಪ್ರಶ್ನೆಯು ಉಳಿದಿತ್ತು. ಅದನ್ನು ಮಠಗಳು ಎತ್ತಿಕೊಂಡವು. ೧೯೧೭ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದನಿಲಯವನ್ನು ಆರಂಭಿಸಿದರು. ೧೯೩೨ರಲ್ಲಿ ಬೆಳಗಾವಿಯಲ್ಲಿ ನಾಗನೂರ ರುದ್ರಾಕ್ಷಿಮಠದ ಶ್ರೀ ಶಿವಬಸವ ಸ್ವಾಮಿಗಳು ಅದೇ ಕಾರ್ಯಕ್ಕೆ ಕೈಯಿಕ್ಕಿದರು. ಮುಂದಿನ ವರ್ಷವೇ, ೧೯೩೩ರಲ್ಲಿ, ವಿದ್ಯಾವರ್ಧಕ ಸಂಸ್ಥೆಯು ಅದೇ ಪಟ್ಟಣದಲ್ಲಿ ತೆರೆದ ಕಾಲೇಜು ಲಿಂಗರಾಜರ ಹೆಸರನ್ನು ಧರಿಸಿ ನಿಂತಿತು. ಅಂದಿನಿಂದ ಮೂಡಲಗಿ, ಹುಕ್ಕೇರಿಗಳ ಹುಡುಗನು ಲಿಂಗಪೂಜೆ ತೀರಿಸಿ ಪ್ರಸಾದನಿಲಯದಲ್ಲಿ ಉಂಡು, ಇಂಗ್ಲಿಷ ಮೊದಲನೆಯ ಇಯತ್ತೆಯಿಂದ ಕಾಲೇಜಿನ ವರೆಗೆ ತನ್ನ ಜಿಲ್ಲೆಯ ಗಡಿ ದಾಟದೆಯೇ ಓದಬಹುದಾಯಿತು.