ಆನಾ ಮರಿಯಾ ಗಾರ್ತ್‌ವೇಟ್

ಆನಾ ಮರಿಯಾ ಗಾರ್ತ್‌ವೇಟ್ (1688–1763) 18ನೆಯ ಶತಮಾನದ ಇಂಗ್ಲೆಂಡಿನ ಪ್ರಮುಖ ರೇಷ್ಮೆ ವಸ್ತ್ರ ವಿನ್ಯಾಸಕಿ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಪ್ರದೇಶದ ನೇಕಾರರಿಗಾಗಿ ಸುಮಾರು ಮೂರು ದಶಕಗಳ ಕಾಲ ಹೂಬಳ್ಳಿಗಳ ಚಿತ್ತಾರಗಳನ್ನು ರಚಿಸಿದರು. ಚಿತ್ತಾರಗಳ ಮೇಲೆ ಇವರು ಬರೆದಿಟ್ಟ ದಿನಾಂಕ ಹಾಗೂ ಹೆಸರುಗಳಿಂದಾಗಿ ಇವರ ಸಂಗ್ರಹವು ವೃತ್ತಿಯ ದಿನಚರಿಯಂತೆ ಉಪಯುಕ್ತವಾಗಿದೆ.

ಆರಂಭಿಕ ಜೀವನ

ಗಾರ್ತ್‌ವೇಟ್ ಅವರು ಲೆಸ್ಟರ್‌ಶೈರ್‌ನ ಹಾರ್ಸ್‌ಟನ್ ಎಂಬಲ್ಲಿ ಜನಿಸಿದರು. ತಂದೆ ಎಫ್ರೇಮ್ ಗಾರ್ತ್‌ವೇಟ್ ಕ್ರೈಸ್ತ ಪಾದ್ರಿಯಾಗಿದ್ದರು. 1707ರಲ್ಲಿ ಇವರು ಕಾಗದವನ್ನು ಕತ್ತರಿಸಿ ರಚಿಸಿದ ಗ್ರಾಮೀಣ ದೃಶ್ಯವೊಂದು ಇಂದಿಗೂ ಉಳಿದಿದೆ. ತಂದೆಯ ಮರಣಾನಂತರ ಯಾರ್ಕ್‌ನಲ್ಲಿ ಸಹೋದರಿ ಮೇರಿಯೊಂದಿಗೆ ವಾಸಿಸಿದರು. ಗಾರ್ತ್‌ವೇಟ್ ಅವಿವಾಹಿತೆ, ಮೇರಿ ಎರಡು ಬಾರಿ ವಿಧವೆಯಾದವರು. 1728ರ ಸುಮಾರಿಗೆ ಸಹೋದರಿಯರಿಬ್ಬರೂ ಲಂಡನ್ನಿಗೆ ಬಂದು ನೆಲೆಸಿದರು.

ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ವೃತ್ತಿ

ಫ್ರಾನ್ಸ್‌ನಿಂದ ವಲಸೆ ಬಂದ ಹ್ಯೂಗೆನಾಟ್ ಪ್ರಾಟೆಸ್ಟಂಟರು ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಯ್ಗೆಯನ್ನು ಬೆಳೆಸಿದ್ದರು. ಅದೇ ಪ್ರದೇಶದ ಪ್ರಿನ್ಸಸ್ ಬೀದಿಯ (ಇಂದಿನ ಪ್ರಿನ್ಸ್‌ಲೆಟ್ ಬೀದಿ) ಮನೆಯೇ ಗಾರ್ತ್‌ವೇಟ್ ಅವರ ಕಾರ್ಯಾಗಾರವಾಯಿತು. ಯಾವುದೇ ಒಬ್ಬ ವರ್ತಕನ ನೌಕರಿಗೆ ಸೇರದೆ, ನೇಕಾರರಿಗೂ ಜವಳಿ ವರ್ತಕರಿಗೂ ಸ್ವತಂತ್ರವಾಗಿ ಚಿತ್ತಾರಗಳನ್ನು ಮಾರುತ್ತಿದ್ದರು. ಕೆಲವು ವರ್ಷಗಳಲ್ಲಿ ಇವರು ರಚಿಸಿದ ಚಿತ್ತಾರಗಳ ಸಂಖ್ಯೆ ಸುಮಾರು 80ನ್ನು ಮುಟ್ಟಿತ್ತು.

ಜಲವರ್ಣದಲ್ಲಿ ಬರೆದ ಚಿತ್ತಾರವನ್ನು ಚೌಕಳಿ ಕಾಗದಕ್ಕೆ ಇಳಿಸಿ, ಅದಕ್ಕನುಗುಣವಾಗಿ ಮಗ್ಗದ ಹುರಿಗಳನ್ನು ಕಟ್ಟಲಾಗುತ್ತಿತ್ತು. ಸಹಾಯಕನು ಆ ಹುರಿಗಳನ್ನು ಕ್ರಮವಾಗಿ ಎಳೆದಂತೆ ಹಾಸಿನ ಎಳೆಗಳು ಮೇಲೆದ್ದು ಚಿತ್ತಾರ ಮೂಡುತ್ತಿತ್ತು. ಆದ್ದರಿಂದ ವಿನ್ಯಾಸಕಾರರಿಗೆ ಚಿತ್ರಕಲೆಯಷ್ಟೇ ಮಗ್ಗದ ಮಿತಿಗಳ ಅರಿವೂ ಅಗತ್ಯವಾಗಿತ್ತು. 1730ರ ದಶಕದಲ್ಲಿ ಲಿಯಾನ್ ನಗರದಿಂದ ಹರಡಿದ, ಬಣ್ಣದ ಹೊಕ್ಕುಗಳನ್ನು ಪರಸ್ಪರ ಬೆಸೆದು ನೆರಳು–ಬೆಳಕು ತೋರಿಸುವ ತಂತ್ರವನ್ನು ಇವರು ಅಳವಡಿಸಿಕೊಂಡರು. 1740ರ ದಶಕದಲ್ಲಿ ತಿಳಿಬಣ್ಣದ ನೆಲದ ಮೇಲೆ ಬಿಡಿಬಿಡಿಯಾಗಿ ಹರಡಿದ, ಸಸ್ಯಶಾಸ್ತ್ರೀಯವಾಗಿ ಗುರುತಿಸಬಹುದಾದಷ್ಟು ಸಹಜವಾದ ಹೂಗಳು ಇವರ ಶೈಲಿಯ ಲಕ್ಷಣವಾದವು.

ಚಿತ್ತಾರಗಳ ಮೇಲಿನ ದಾಖಲೆಗಳು

ಆ ಕಾಲದ ರೇಷ್ಮೆ ಬಟ್ಟೆಗಳಲ್ಲಿ ವಿನ್ಯಾಸಕಾರರ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಉಡುಪು ಉಳಿದರೂ ಅದರ ಚಿತ್ತಾರ ಬರೆದವರು ಅಜ್ಞಾತರಾಗಿಯೇ ಉಳಿಯುತ್ತಿದ್ದರು. ಗಾರ್ತ್‌ವೇಟ್ ಅವರು ಮಾತ್ರ ಅನೇಕ ಹಾಳೆಗಳ ಮೇಲೆ ದಿನಾಂಕವನ್ನೂ ಕೊಂಡ ನೇಕಾರ ಅಥವಾ ವರ್ತಕನ ಹೆಸರನ್ನೂ ನಮೂದಿಸಿ, ಹಾಳೆಗಳನ್ನು ಜೋಪಾನವಾಗಿ ಕಾಯ್ದಿಟ್ಟರು. ಪೀಟರ್ ಲೆಕೊ, ಸೈಮನ್ ಜೂಲಿನ್ಸ್ ಮುಂತಾದ ನೇಕಾರರು ಇವರ ಗ್ರಾಹಕರಾಗಿದ್ದುದು ಹೀಗೆ ತಿಳಿದುಬರುತ್ತದೆ.

ಈ ದಾಖಲೆಗಳ ಮಹತ್ವಕ್ಕೆ ರಾಬರ್ಟ್ ಫೀಕ್ 1746ರಲ್ಲಿ ಚಿತ್ರಿಸಿದ, ಫಿಲಡೆಲ್ಫಿಯಾದ ಶ್ರೀಮತಿ ಚಾರ್ಲ್ಸ್ ವಿಲ್ಲಿಂಗ್ ಅವರ ಭಾವಚಿತ್ರವು ಉತ್ತಮ ನಿದರ್ಶನ. ಆಕೆ ಧರಿಸಿರುವ ರೇಷ್ಮೆಯ ಚಿತ್ತಾರವು ಗಾರ್ತ್‌ವೇಟ್ 1743ರಲ್ಲಿ ರಚಿಸಿದ್ದೆಂದೂ ಅದನ್ನು ನೇಯ್ದವರು ಜೂಲಿನ್ಸ್ ಎಂದೂ ಗುರುತಿಸಲಾಗಿದೆ. ಲಂಡನ್ನಿನ ಹಾಳೆಯೊಂದು ಮೂರು ವರ್ಷಗಳೊಳಗೆ ಅಟ್ಲಾಂಟಿಕ್ ಸಾಗರದಾಚೆಯ ಉಡುಪಾಗಿದ್ದುದು ಇದರಿಂದ ಸ್ಪಷ್ಟವಾಗುತ್ತದೆ.

ನಿಧನ ಮತ್ತು ಸ್ಮರಣೆ

ಗಾರ್ತ್‌ವೇಟ್ 1763ರಲ್ಲಿ ನಿಧನರಾದರು. ಇವರ 800ಕ್ಕೂ ಹೆಚ್ಚು ಮೂಲ ಚಿತ್ತಾರಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಅದೇ ಸಂಗ್ರಹಾಲಯದ ವಿದ್ವಾಂಸೆ ನಟಾಲೀ ರಾತ್‌ಸ್ಟೈನ್ ಅವರ ಅಧ್ಯಯನವು ಈ ಹಾಳೆಗಳನ್ನು ಉಳಿದಿರುವ ಬಟ್ಟೆಗಳೊಂದಿಗೆ ಹೋಲಿಸಲು ಆಧಾರವಾಯಿತು. ಇವರು ವಾಸವಿದ್ದ ಮನೆಗೆ ಇಂದು ಸ್ಮಾರಕ ಫಲಕವನ್ನು ಅಳವಡಿಸಲಾಗಿದೆ.